ಒಂದು ಮಗ್ಗುಲಿಗಷ್ಟೇ ನೀರು

ರಾತ್ರಿ ಎರಡು ಗಂಟೆ. ತ್ರೀಫೇಸ್ ಕರೆಂಟ್ ಬಂತು. ತೋಟದ ಮನೆಯ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದ ಕಾಕಾ ಎದ್ದೇಬಿಟ್ಟರು. ಸ್ಟಾರ್ಟರ್ ಡಬ್ಬಿಯ ದೀಪ ಹತ್ತಿದ್ದು ಅವರಿಗೆ ನಿದ್ದೆಗಣ್ಣಲ್ಲೂ ತಿಳಿಯುತ್ತದೆ. "ಬರ್ರಿ, ಹೊಂಡದ ಕಡೆ ಹೋಗೂಣು." ಬ್ಯಾಟರಿಯ ಬೆಳಕಿನ ಹಿಂದೆ ನೀವೂ ಹೊರಡುತ್ತೀರಿ. ವಿಜಯಪುರ ಜಿಲ್ಲೆಯ ತಿಕೋಟಾ ಸೀಮೆ, ಮೇ ಕೊನೆಯ ವಾರ. ಹಗಲೆಲ್ಲ ಕಾದ ಗರಸು ಇನ್ನೂ ಬೆಚ್ಚಗಿದೆ.

ಕೃಷಿ ಹೊಂಡ 30 ಮೀಟರ್ ಉದ್ದ, ಅಷ್ಟೇ ಅಗಲ. ತಳಕ್ಕೆ ಕಪ್ಪು ಪ್ಲಾಸ್ಟಿಕ್ ಹಾಳೆ. ನೆರಳು ಪರದೆ ಅರ್ಧ ಹೊಂಡಕ್ಕೆ ಮಾತ್ರ. ಉಳಿದರ್ಧಕ್ಕೆ ದುಡ್ಡು ಸಾಲಲಿಲ್ಲವಂತೆ. ಇಷ್ಟಗಲದ ನೀರು ಬಿಸಿಲಿಗೆ ದಿನಕ್ಕೆ 8 ಮಿಲಿಮೀಟರ್ ಇಳಿದರೂ 7,200 ಲೀಟರ್ ಆವಿಯಾಗಿ ಹೋದಂತೆ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಬಿಸಿಲಿಗೆ ತೋರಿಸದೆ ನೀರು ಸಾಗಿಸುವುದು ವಿಜಯಪುರಕ್ಕೆ ಹೊಸದೂ ಅಲ್ಲ. 16ನೇ ಶತಮಾನದಲ್ಲೇ ಆದಿಲ್‌ಶಾಹಿಗಳು ನೆಲದೊಳಗೆ ಸುರಂಗ ಕೊರೆದು ಪಟ್ಟಣಕ್ಕೆ ನೀರು ತಂದಿದ್ದರು.

ಮೋಟರು ಶುರುವಾಯಿತು. ಮರಳಿನ ಫಿಲ್ಟರಿನ ಎರಡೂ ಬದಿಯ ಮೀಟರಿಗೆ ಕಾಕಾ ಬೆಳಕು ಬಿಟ್ಟು ನೋಡುತ್ತಾರೆ. ಒಳಬರುವ ಒತ್ತಡಕ್ಕೂ ಹೊರಹೋಗುವ ಒತ್ತಡಕ್ಕೂ ಅಂತರ ಹೆಚ್ಚಾಗಿದ್ದರೆ ಒಳಗೆ ಪಾಚಿ ಕಟ್ಟಿದೆ ಎಂದರ್ಥ. ಇವತ್ತು ಚಿಂತೆಯಿಲ್ಲ.

ಈಗ ದ್ರಾಕ್ಷಿ ಸಾಲಿನ ನಡುವೆ ಬಗ್ಗಿ ನಡೆಯಿರಿ. ತಲೆಗೆ ಎಲೆ ತಾಗುತ್ತದೆ, ಕಾಲಡಿ ಕಬ್ಬಿನ ರವದಿ ಚರಗುಟ್ಟುತ್ತದೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮುಗಿದು ಹೊಸ ಕಡ್ಡಿ ಬಂದಿವೆ. ಬುಡದ ಎರಡೂ ಮಗ್ಗುಲಿಗೆ ತಂತಿಗೆ ತೂಗುಹಾಕಿದ ಕಪ್ಪು ಪೈಪು. ಮೂಡಲ ಪೈಪಿಗೆ ಕೈಯೊಡ್ಡಿದರೆ ಟಪ್ ಟಪ್ ಹನಿ. ಪಡುವಲ ಪೈಪು ಮಾತ್ರ ಒಣಕಲು. ಕೆಟ್ಟಿದೆಯೇ?

"ಕೆಟ್ಟಿಲ್ರಿ, ನಾನ ಬಂದ್ ಇಟ್ಟೀನಿ. ಮುಂದಿನ ವಾರ ಆ ಕಡೆ ಬಿಡತೀನಿ, ಈ ಕಡೆ ಬಂದ್."

ಆಸ್ಟ್ರೇಲಿಯಾದ ದ್ರಾಕ್ಷಿ ಸಂಶೋಧಕರು 1990ರ ದಶಕದಲ್ಲಿ ರೂಪಿಸಿದ ಉಪಾಯ ಇದು. ಒಣ ಮಗ್ಗುಲಿನ ಬೇರು ನೀರಿಲ್ಲವೆಂದು ಅಬ್ಸಿಸಿಕ್ ಆಮ್ಲದ ಮೂಲಕ ಎಲೆಗೆ ಸುದ್ದಿ ಕಳಿಸುತ್ತದೆ. ಎಲೆ ತನ್ನ ರಂಧ್ರಗಳನ್ನು ಕಿರಿದಾಗಿಸಿ ಬೆವರುವುದನ್ನು ಕಡಿಮೆ ಮಾಡುತ್ತದೆ. ಅತ್ತ ಹಸಿ ಮಗ್ಗುಲಿನ ಬೇರು ಬಳ್ಳಿ ಬಾಡದಂತೆ ನೀರುಣಿಸುತ್ತಲೇ ಇರುತ್ತದೆ. ಒಂದೇ ಕಡೆ ಬಹಳ ದಿನ ಒಣಗಿಸಿದರೆ ಆ ಸುದ್ದಿ ನಿಂತುಹೋಗುತ್ತದೆ, ಅದಕ್ಕೇ ಮಗ್ಗುಲು ಬದಲಿಸುವುದು. ಗಿಡಕ್ಕೆ ಸುಳ್ಳು ಹೇಳಿ ಮಿತವ್ಯಯ ಕಲಿಸುವ ಈ ಜಾಣತನ ನನಗಂತೂ ಬಲು ಇಷ್ಟ.

ಮಗ್ಗುಲಿಗೆ ಎರಡು ಡ್ರಿಪ್ಪರ್, ತಾಸಿಗೆ 4 ಲೀಟರಿನವು. ಎರಡು ತಾಸಿಗೆ ಬಳ್ಳಿಯೊಂದಕ್ಕೆ 16 ಲೀಟರ್. ಎರಡೂ ಕಡೆ ಬಿಟ್ಟಿದ್ದರೆ 32. ಉಳಿತಾಯಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕಾಕಾ ಕಡ್ಡಿಯೊಂದನ್ನು ಬಗ್ಗಿಸಿ, ಎಲೆಯ ಬುಡದ ಕಣ್ಣಿಗೆ ಬೆಳಕು ಹಿಡಿಯುತ್ತಾರೆ. ಬರುವ ವರ್ಷ ಮಾರುವ ಗೊನೆ ಈ ದಿನಗಳಲ್ಲೇ ಅದರೊಳಗೆ ರೂಪುಗೊಳ್ಳುತ್ತಿದೆ, ಬರಿಗಣ್ಣಿಗೆ ಕಾಣದು. ಈಗ ನೀರು ಅತಿಯಾದರೆ ಬಳ್ಳಿ ಚಿಗುರುವುದರಲ್ಲೇ ಮೈಮರೆತು, ಗೊನೆಯಾಗಬೇಕಾದದ್ದು ಬರೀ ಕುಡಿಬಳ್ಳಿಯಾಗಿಬಿಡಬಹುದು. "ಹೊಂಡ ತುಂಬೇತಂತ ಈಗ ಸುರದ್ರ, ಅಕ್ಟೋಬರ್ ಚಾಟ್ನಿ ಆದಮ್ಯಾಲ ಗೊನಿ ಹುಡುಕ್ಕೋತ ಅಡ್ಡಾಡಬೇಕು."

ಹಾಗೆಂದು ಕಣ್ಣಂದಾಜಿನ ಮೇಲೆ ಒಣಗಿಸುವಂತಿಲ್ಲ. ಬಳ್ಳಿಯ ಪಕ್ಕ ಎರಡು ಕೊಳವೆ ಹುಗಿದಿದ್ದಾರೆ, ಟೆನ್ಸಿಯೋಮೀಟರ್. ತುದಿಗೆ ಪಿಂಗಾಣಿ ಬಟ್ಟಲು, ಒಳಗೆ ನೀರು, ಮೇಲೆ ಮುಳ್ಳಿನ ಮೀಟರು. ಮಣ್ಣು ಒಣಗಿದಷ್ಟೂ ಬಟ್ಟಲಿನ ನೀರನ್ನು ಎಳೆಯುತ್ತದೆ, ಮುಳ್ಳು ಏರುತ್ತದೆ. ಒಂದು ಕೊಳವೆ ಅಡಿ ಆಳಕ್ಕೆ, ಇನ್ನೊಂದು ಎರಡು ಅಡಿಗೆ. ಮೇಲಿನದು ಏರಿದೆ, ಕೆಳಗಿನದು ಕದಲಿಲ್ಲ. ಅಂದರೆ ಆಳದಲ್ಲಿ ಹಸಿ ಇದೆ.

ಸಾಲಿನ ತುದಿಯಿಂದ ಮಗ ಕೂಗಿದ: "ಅಪ್ಪಾ, ಕರೆಂಟ್ ಇನ್ನೂ ಒಂದ್ ತಾಸ ಐತಿ. ಪಡುವಲ ವಾಲ್ವೂ ತಿರುವಲೇನು?"

"ಮುಟ್ಟಬ್ಯಾಡ! ದಾಳಿಂಬ್ರಿಗೆ ಬಿಡು. ಪೈಪ್ ಬುಡದಿಂದ ಸರಿಸಿ ಇಲ್ಲೋ?"

ದಾಳಿಂಬೆಯ ಕಾಂಡದ ಬುಡ ಸದಾ ತೊಯ್ದಿದ್ದರೆ ಸೊರಗು ರೋಗ ಹತ್ತುವ ಭಯ. ಗಿಡ ಬೆಳೆದಂತೆ ಪೈಪನ್ನು ದೂರ ಸರಿಸುತ್ತ, ನೆರಳಿನ ಅಂಚಿಗೆ ಒಯ್ಯಬೇಕು.

"ಎರಡ್ ಸಾಲ ಉಳದಾವ..."

ಕಾಕಾ ಬೈಯುತ್ತಲೇ ಅತ್ತ ದೌಡಾಯಿಸಿದರು. ಬ್ಯಾಟರಿ ಈಗ ನಿಮ್ಮ ಕೈಯಲ್ಲಿದೆ, ಪೈಪಿನ ಇನ್ನೊಂದು ತುದಿಯನ್ನು ನೀವೇ ಎತ್ತಬೇಕು.