ಒತ್ತಬ್ಯಾಡ, ತಿರುವು!

ಮರುದಿನ ಅವ್ವನನ್ನು ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋಗುವುದಿತ್ತು. ನಾನೂ ಇಂಜಿನಿಯರ್ ತಾನೇ (ಸಾಫ್ಟ್‌ವೇರ್ ಆದರೇನಂತೆ :-) ), ಹಿಂದಿನ ಬ್ರೇಕ್ ಪ್ಯಾಡ್ ನಾನೇ ಹಾಕ್ತೀನಿ ಅಂತ ಬೆಟಗೇರಿಯ ಮನೆ ಮುಂದೆ ಕಾರನ್ನು ಜಾಕಿಗೇರಿಸಿದೆ.

ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ಮೇ ಹೆಚ್ಚು. ನನ್ನ ಸೆಕೆಂಡ್ ಹ್ಯಾಂಡ್ ಕಾರಿಗೆ ಡಿಸ್ಕು. ಹಳೆ ಪ್ಯಾಡ್ ಸವೆದು ತಗಡಷ್ಟೇ ಉಳಿದಿತ್ತು. ಹೊಸದು ದಪ್ಪ, ಅದು ಕೂರಬೇಕಾದರೆ ಪಿಸ್ಟನ್ ಒಳಗೆ ಹೋಗಬೇಕು. ಮುಂದಿನ ಗಾಲಿಯಲ್ಲಿ ಕ್ಲ್ಯಾಂಪ್ ಬಿಗಿದರೆ ಸರಾಗ ಹೋಗಿತ್ತು. ಇಲ್ಲಿ ಜಪ್ಪಯ್ಯ ಅಂದರೂ ಇಲ್ಲ. ಇನ್ನಷ್ಟು ಬಿಗಿಯುವುದರಲ್ಲಿದ್ದೆ...

"ಏ ತಮ್ಮಾ, ಒತ್ತಬ್ಯಾಡೋ, ಮುರೀತೈತಿ! ಹ್ಯಾಂಡ್‌ಬ್ರೇಕಿನ ಸ್ಕ್ರೂ ಅದರಾಗ ಐತಿ. ತಿರುವಿ ಒಳಗ ಕಳಸು." ಎದುರು ಮನೆ ಕಾಕಾ, ಮುಂಡರಗಿಯಲ್ಲಿ ಗ್ಯಾರೇಜ್ ಇಟ್ಟಿದ್ದವರು.

ಪಿಸ್ಟನ್ನಿನ ಮೂತಿಯ ಮೇಲೆ ಎರಡು ಗುಳಿ. ನೋಸ್ ಪ್ಲೈಯರ್ ಸಿಕ್ಕಿಸಿ, ಒತ್ತಿ ಹಿಡಿದು ಬಲಕ್ಕೆ ತಿರುವಿದೆ. ಸದ್ದಿಲ್ಲದೆ ಒಳಸರಿಯಿತು. ಎರಡು ತಾಸು ಗುದ್ದಾಡಿದ್ದೆ!

ಗಾಲಿ ಹಾಕಿ, ಕೂತು ಬ್ರೇಕ್ ತುಳಿದರೆ ಪೆಡಲ್ ಸೀದಾ ತಳಕ್ಕೆ. ಎದೆ ಧಸಕ್ಕೆಂದಿತು. ಪಿಸ್ಟನ್ ಮತ್ತೆ ಪ್ಯಾಡಿಗೆ ತಾಗುವವರೆಗೆ ಹಾಗೇ ಅಂತೆ. ಏಳೆಂಟು ಸಲ ತುಳಿದ ಮೇಲೆ ಗಟ್ಟಿಯಾಯಿತು.

"ಇದನ್ನ ತುಳೀದ ಹಂಗ ಹೊಂಟಿದ್ರ?" ಕಾಕಾ ಕಟ್ಟೆಯ ಮೇಲೆ ಕೂತಿದ್ದ ಅವ್ವನ ಕಡೆ ನೋಡಿದರು. ನಾನು ನೆಲ ನೋಡಿದೆ.

ಮರುದಿನ ಶಿರಹಟ್ಟಿ ದಾಟುವವರೆಗೂ 40 ಮೀರಲಿಲ್ಲ. ಅವ್ವ ಗೊಣಗುತ್ತಲೇ ಇದ್ದಳು, "ಬಸ್ಸಿಗೆ ಬಂದಿದ್ರ ಇಷ್ಟೊತ್ತಿಗೆ ಮುಟ್ಟತಿದ್ವಿ ನೋಡು."