ಹುಡುಗರ ಹಲ್ಲಿನಲ್ಲಿದ್ದ ಪಾಠ

ಪಾವಗಡ ತಾಲ್ಲೂಕಿನ ಹಳ್ಳಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳುತ್ತಿದ್ದಾಗ ಫ್ಲೋರೈಡ್ ಎಂದರೆ ನನಗೆ ಒಂದು ಅಯಾನು, ಅಷ್ಟೇ. ಫ್ಲೋರಿನ್ ಪರಮಾಣು ಒಂದು ಎಲೆಕ್ಟ್ರಾನ್ ಪಡೆದು ಋಣ ಆವೇಶ ಹೊತ್ತದ್ದು. ಸಂಕೇತ ಬರೆಸಿ ಮುಂದಕ್ಕೆ ಹೋಗುತ್ತಿದ್ದೆ. ಅದೇ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುವ ಹುಡುಗಿಯೊಬ್ಬಳಿದ್ದಳು. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ನಡುನಡುವೆ ಸುಣ್ಣ ಬಳಿದಂಥ ಬಿಳುಪು.

"ಹಲ್ಲು ಸರಿಯಾಗಿ ಉಜ್ಜಮ್ಮ" ಎಂದೆ, ಎಲ್ಲರೆದುರಿಗೇ.

"ಉಜ್ತೀನಿ ಸಾರ್, ಹೋಗಲ್ಲ."

ನಾನು ನಂಬಲಿಲ್ಲ. ಅವಳು ಹೇಳಿದ್ದೇ ನಿಜವಾಗಿತ್ತು. ಹಲ್ಲು ಇನ್ನೂ ಒಸಡಿನೊಳಗಿದ್ದು ಎನಾಮಲ್ ಕಟ್ಟಿಕೊಳ್ಳುವಾಗ, ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಬರುವ ಕಲೆ ಅದು. ಫ್ಲೋರೈಡ್ ಗಾತ್ರದಲ್ಲೂ ಆವೇಶದಲ್ಲೂ ಹೈಡ್ರಾಕ್ಸಿಲ್ ಅಯಾನಿಗೆ ಹತ್ತಿರ. ಹಾಗಾಗಿ ಹಲ್ಲು, ಮೂಳೆಗಳ ಖನಿಜದಲ್ಲಿ ಅದರ ಜಾಗಕ್ಕೆ ಸಲೀಸಾಗಿ ಬಂದು ಕೂರುತ್ತದೆ. ವರ್ಷಗಟ್ಟಲೆ ಅತಿಯಾದರೆ ಬೆನ್ನು ಬಗ್ಗದಂತೆ, ಮಂಡಿ ಮಡಚದಂತೆ ಮಾಡುತ್ತದೆ. ರಸಾಯನ ವಿಜ್ಞಾನವನ್ನೂ ಜೀವ ವಿಜ್ಞಾನವನ್ನೂ ನಾನೇ ಹೇಳುತ್ತಿದ್ದೆ. ಎರಡು ಪಿರಿಯಡ್‌ಗಳ ನಡುವಿನ ಈ ನಂಟು ನನಗೇ ಹೊಳೆದಿರಲಿಲ್ಲ.

ಇದಕ್ಕಿಂತ ನೋಯಿಸುವುದು ಇನ್ನೊಂದು. "ನೀರು ಕುದಿಸಿ ಕುಡಿಯಿರಿ" ಎಂದು ಪೋಷಕರ ಸಭೆಯಲ್ಲಿ ಒತ್ತಿ ಹೇಳಿದ್ದೆ. ಕುದಿಸಿದರೆ ಭೇದಿ ತರುವ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಆವಿ ಹೋದಷ್ಟೂ ಉಳಿದ ನೀರಿನಲ್ಲಿ ಅದು ಗಟ್ಟಿಯಾಗುತ್ತದೆ. ನನ್ನ ಮಾತು ನಂಬಿ ಆ ತಾಯಂದಿರು ಸೌದೆ ಒಟ್ಟಿ ಬೋರ್‌ವೆಲ್ ನೀರು ಕಾಯಿಸಿದರು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ನೆಲದಡಿ ಇರುವುದು ಗ್ರಾನೈಟ್, ನೈಸ್ ಕಲ್ಲು. ಸುಣ್ಣದಂಶ ಕಡಿಮೆಯಿರುವ ಕ್ಷಾರೀಯ ನೀರು ಅಂಥ ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತರೆ ಫ್ಲೋರೈಡ್ ಅದರಲ್ಲಿ ಕರಗುತ್ತದೆ. ಹಿಂದೆ ಈ ಸೀಮೆಯವರಿಗೆ ತಲಪರಿಗೆಗಳಿದ್ದವು. ಮರಳಿನಿಂದ ಜಿನುಗುವ ನೀರನ್ನು ಮೊಗೆದು ತರುತ್ತಿದ್ದರು. ಅವು ಬತ್ತಿದ ಮೇಲೆ ಬೋರ್‌ವೆಲ್‌ಗಳು ಆಳಕ್ಕಿಳಿದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಇರಬಹುದು ಎನ್ನುತ್ತದೆ ಭಾರತೀಯ ಮಾನಕ. ನಿಮ್ಮೂರಿನ ನೀರಿನಲ್ಲಿ ಎಷ್ಟಿದೆ ಎಂದು ಪಂಚಾಯಿತಿಯಲ್ಲಿ ಕೇಳಿ, ಪರೀಕ್ಷೆಯ ಚೀಟಿ ನೋಡಿ.

ಈಗ ಹಲವು ಊರುಗಳಿಗೆ ಶುದ್ಧ ನೀರಿನ ಘಟಕ ಬಂದಿದೆ. ಕುಡಿಯಲು ಆ ಕ್ಯಾನಿನ ನೀರು, ಮುದ್ದೆಯ ಎಸರಿಗೆ, ಬೇಳೆ ಬೇಯಿಸಲು ಬೋರಿನ ನೀರು: ಹಲವು ಮನೆಗಳಲ್ಲಿ ಇದನ್ನು ಕಂಡಿದ್ದೇನೆ. ಅಡುಗೆಯ ನೀರೂ ಹೊಟ್ಟೆಗೇ ಸೇರುತ್ತದೆ. ಮನೆಯಲ್ಲಿ ಎಂಟು ವರ್ಷದೊಳಗಿನ ಮಗುವಿದ್ದರೆ ದಯವಿಟ್ಟು ಅನ್ನಕ್ಕೂ ಸಾರಿಗೂ ಘಟಕದ ನೀರನ್ನೇ ಇಡಿ.