ಒಂದೇ ಊರಿನ ಎರಡು ಕಡಲು

ವೇಲ್ಸ್‌ನ ಪೆಂಬ್ರೋಕ್‌ಶೈರ್‌ನಲ್ಲಿ ಡೇಲ್ ಎಂಬ ಪುಟ್ಟ ಊರು. ಪಡುವಣ ಕೊಲ್ಲಿಗೆ ಅಟ್ಲಾಂಟಿಕ್ ಸಾಗರ ನೇರವಾಗಿ ಬಂದು ಬಡಿಯುತ್ತದೆ. ಮೂಡಣ ಕೊಲ್ಲಿಯೋ, ಮಿಲ್ಫರ್ಡ್ ಹೇವನ್ ಅಳಿವೆಯ ಮರೆಯಲ್ಲಿ ತಣ್ಣಗಿದೆ. ನಡುವೆ ಮೈಲಿಯಷ್ಟು ನಡಿಗೆ. ಅಷ್ಟರಲ್ಲೇ ಕಡಲಕಳೆಯ ಮೈಕಟ್ಟು ಬದಲಾಗುತ್ತದೆ!

ದೊಡ್ಡ ಉಬ್ಬರವಿಳಿತದ ದಿನಗಳಲ್ಲಿ ಇಲ್ಲಿ ನೀರು ಆರು ಮೀಟರಿಗೂ ಹೆಚ್ಚು ಇಳಿಯುತ್ತದೆ. ಆಗ ಪಡುವಣ ಬಂಡೆಗಳ ಮೇಲೆ ಚಿಪ್ಪುಜೀವಿಗಳಾದ ಬಾರ್ನಕಲ್‌ಗಳದೂ ಲಿಂಪೆಟ್‌ಗಳದೂ ರಾಜ್ಯ. ನಡುನಡುವೆ ಬ್ಲ್ಯಾಡರ್ ರ‍್ಯಾಕ್ ಎಂಬ ಕಂದು ಕಡಲಕಳೆ: ಗಿಡ್ಡ ಕುಚ್ಚು, ಕಿರಿದಾದ ಎಳೆಗಳು, ಗುಳ್ಳೆಗಳ ಸುಳಿವೇ ಇಲ್ಲ. ಮೂಡಣ ತೀರದಲ್ಲಿ ಅದೇ ಜಾತಿ ಉದ್ದಕ್ಕೆ ಚಾಚಿಕೊಂಡು, ನಡುನರದ ಎರಡೂ ಬದಿಗೆ ಜೋಡಿ ಜೋಡಿ ಗಾಳಿಗುಳ್ಳೆ ಹೊತ್ತು ನಿಂತಿದೆ. ಉಬ್ಬರ ಏರಿದಾಗ ಗುಳ್ಳೆಗಳು ಅದನ್ನು ಬೆಳಕಿನತ್ತ ಎತ್ತುತ್ತವೆ. ಅಬ್ಬರದ ನೀರಿನಲ್ಲಿ ಅದೇ ಗುಳ್ಳೆ ಅಲೆಯ ಕೈಗೆ ಸಿಕ್ಕ ಹಿಡಿಕೆ. ಮೈ ದೊಡ್ಡದಾದಷ್ಟೂ ಎಳೆತ ಹೆಚ್ಚು. ಬುಡ ಕಿತ್ತರೆ ಬದುಕೇ ಮುಗಿಯಿತು.

ಹಾಗೆಂದು ಅಲೆಯನ್ನು ಬರಿಯ ವೈರಿ ಎನ್ನಲು ನನಗೆ ಮನಸ್ಸಿಲ್ಲ. ನಿಂತ ನೀರಿನಲ್ಲಿ ಎಲೆಗಂಟಿದ ತೆಳು ನೀರಪದರದ ಪೋಷಕಾಂಶ ಬೇಗ ಬರಿದಾಗುತ್ತದೆ. ಅಲೆ ಅದನ್ನು ಕದಡಿ ಹೊಸ ನೀರು ತಂದುಕೊಡುತ್ತದೆ. ಅಲೆ ಆಕಾರವನ್ನೂ ತಿದ್ದುತ್ತದೆ: ಶುಗರ್ ಕೆಲ್ಪ್ ಎಂಬ ದೊಡ್ಡೆಲೆಯ ಕಡಲಕಳೆ ಮರೆಯ ತಾಣದಲ್ಲಿ ಅಗಲವಾಗಿ, ಅಂಚು ನಿರಿಗೆಗಟ್ಟಿ ಬೆಳೆಯುತ್ತದೆ. ಅದರ ಬೆಳೆಯುವ ಎಲೆಯನ್ನು ಸತತ ಎಳೆತಕ್ಕೆ ಒಡ್ಡಿ ನೋಡಿದ ವಿಜ್ಞಾನಿಗಳಿಗೆ ಅದು ಕಿರಿದಾಗುವುದು ಕಂಡಿದೆ. ಕಣ್ಣಿಲ್ಲದ, ನರವಿಲ್ಲದ ಜೀವಿಯೊಂದು ಸೆಳೆತವನ್ನು ಅರಿತು ತನ್ನ ಆಕಾರ ತಿದ್ದಿಕೊಳ್ಳುತ್ತದೆಯಲ್ಲ!

ಮೂಡಣ ತೀರದ ಕಡಲಕಳೆಗಳಲ್ಲಿ ನಿಜವಾದ ಹಿರಿಯ ನಾಟೆಡ್ ರ‍್ಯಾಕ್. ಎಳೆತನ ಕಳೆದ ಮೇಲೆ ಅದರ ಪ್ರತಿ ಟಿಸಿಲು ವರ್ಷಕ್ಕೊಂದು ಗುಳ್ಳೆ ಕಟ್ಟುತ್ತದೆ. ಒದ್ದೆ ಎಳೆಯನ್ನು ಬೆರಳಲ್ಲಿ ಹಿಡಿದು ಒಂದೊಂದೇ ಗುಳ್ಳೆ ದಾಟುತ್ತ ಹೋದರೆ ವರ್ಷಗಳನ್ನೇ ಮುಟ್ಟಿದಂತೆ. ಅಲೆಯ ಏಟು ಜೋರಾದಲ್ಲಿ ಇದು ನೆಲೆಯೂರುವುದಿಲ್ಲ.

ಕಡಲಜೀವ ವಿಜ್ಞಾನಿ ಬಿಲ್ ಬ್ಯಾಲಂಟೈನ್ 1961ರಲ್ಲಿ ಪ್ರಕಟಿಸಿದ ಅಳತೆಗೋಲು ಹುಟ್ಟಿದ್ದು ಈ ತೀರಗಳಲ್ಲೇ. ಯಾವ ಜೀವಿ ಎಲ್ಲಿ, ಎಷ್ಟು ದಟ್ಟವಾಗಿದೆ ಎಂಬುದನ್ನೇ ನೋಡಿ ಅಲೆಯ ಹೊಡೆತವನ್ನು ಎಂಟು ದರ್ಜೆಗಳಲ್ಲಿ ಗುರುತಿಸುವ ವಿಧಾನ ಅದು. ಅಲೆ ಅಳೆಯುವ ಉಪಕರಣಕ್ಕೆ ಸಿಗುವುದು ಅದನ್ನು ಇಟ್ಟಷ್ಟು ದಿನಗಳ ಅಲೆ. ಬಂಡೆಯ ಮೇಲಿನ ಬದುಕಿನಲ್ಲಿ ಹಲವು ಚಳಿಗಾಲಗಳ ಬಿರುಗಾಳಿಯ ಲೆಕ್ಕವಿದೆ. ಡೇಲ್‌ಗೆ ಹೋದವರು ಪಡುವಣದ ದೊಡ್ಡ ಬಂಡೆಯೊಂದನ್ನು ಸುತ್ತಿಬರಬೇಕು. ಕಡಲಿಗೆ ಎದೆಗೊಟ್ಟ ಮುಖ ಬೋಳು ಬೋಳು. ನೆಲದತ್ತ ತಿರುಗಿದ ಬೆನ್ನಿನಲ್ಲಿ ಕಂದು ಕಳೆ ಜೋತಾಡುತ್ತಿರುತ್ತದೆ.